ಕೊಳಕು ಸ್ಪಂಜಿನ ಉಸ್ತುವಾರಿ

ನೀರು ಸರಬರಾಜು ಕಚೇರಿಯ ಮೊದಲ ಮಹಡಿಗೆ ಒಂದು ಮೀನಿನ ತೊಟ್ಟಿ ಬಂತು. ಬಂದ ದಿನವೇ ಅದಕ್ಕೆ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಹನ್ನೊಂದು ವರ್ಷದಿಂದ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಕೂತಿದ್ದ ಜೋಪಾನನಿಗೆ ಅದರೊಳಗಿನ ಆರು ಮೀನುಗಳನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚಾದರೆ ಅದು ಅವನ ತಪ್ಪಲ್ಲ.

ಜೋಪಾನ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರ ಕೈಗೆ ಯಾವ ಕಡತ ಕೊಟ್ಟರೂ "ಜೋಪಾನ" ಎಂದು ಹೇಳಿಯೇ ಕೊಡುತ್ತಿದ್ದುದರಿಂದ ಕಚೇರಿ ಇಟ್ಟ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಆ ಕಚೇರಿಯಲ್ಲಿ ಹಾಜರಿ ಪುಸ್ತಕವನ್ನು ಓದುವವರು ಯಾರೂ ಇರಲಿಲ್ಲ.

ಕಾಯುತ್ತ ಕೂತ ಜನ ಮೀನು ನೋಡುತ್ತಿದ್ದರೆ ಕೂಗಾಡುವುದಿಲ್ಲ ಎಂದು ಕೇಂದ್ರ ಕಚೇರಿಗೆ ಯಾರೋ ಬುದ್ಧಿವಂತರು ಹೇಳಿದ್ದರು. ನಲ್ಲಿಯಲ್ಲಿ ನೀರು ಬಿಡುವುದಕ್ಕಿಂತ ತೊಟ್ಟಿಯಲ್ಲಿ ಮೀನು ಬಿಡುವುದು ಸುಲಭ ಎನ್ನಿಸಿ ಸುತ್ತೋಲೆ ಹೊರಟಿತು. ತೊಟ್ಟಿ ಬಂತು, ಅದರ ಜೊತೆ ಎರಡು ಪುಟದ ಸೂಚನಾಪತ್ರವೂ ಬಂತು. ಮೀನನ್ನು ಎಲ್ಲರೂ ನೋಡಿದರು. ಸೂಚನಾಪತ್ರವನ್ನು ಓದಿದವನು ಜೋಪಾನ ಒಬ್ಬನೇ. ಸರ್ಕಾರಿ ಕಟ್ಟಡದಲ್ಲಿ ಓದಿದವನ ತಲೆಗೇ ಕೆಲಸ ಕಟ್ಟುವುದು ಹಳೆಯ ಪದ್ಧತಿ. ಹೀಗಾಗಿ ತೊಟ್ಟಿ ಅವನ ಕೊರಳಿಗೆ ಬಿತ್ತು. ಅವನೋ, ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ವಾಚನಾಲಯದಿಂದ ಮೀನು ಸಾಕಣೆಯ ಪುಸ್ತಕ ತಂದು, ನಲವತ್ತು ಪುಟದ ನೋಟ್‌ಬುಕ್ಕಿನ ಮೂವತ್ತೆಂಟು ಪುಟ ತುಂಬಿಸಿ, ಉಳಿದೆರಡು ಪುಟವನ್ನು "ಅನುಮಾನಗಳು" ಎಂದು ಮೀಸಲಿಟ್ಟ.

ಇದು ಹದಿಮೂರನೇ ದಿನದ ಕತೆ.

ಬೆಳಿಗ್ಗೆಯೇ ಮ್ಯಾನೇಜರು ಅವನನ್ನು ಮೇಲಕ್ಕೆ ಕರೆಸಿದರು.

"ನೋಡಿ ಜೋಪಾನ, ನಾಲ್ಕು ಗಂಟೆಗೆ ಕೇಂದ್ರ ಕಚೇರಿಯಿಂದ ದೊಡ್ಡ ಸಾಹೇಬರು ಬರ್ತಾರೆ. ಅವರಿಗೆ ಮೀನು ಅಂದ್ರೆ ಪ್ರಾಣ. ನಾನು ಅವರನ್ನ ಕರ್ಕೊಂಡು ಬರೋಕೆ ಹೊರಟಿದೀನಿ. ವಾಪಸ್ ಬರೋ ಹೊತ್ತಿಗೆ ಆರೂ ಮೀನು ಈಜ್ತಾ ಇರಬೇಕು."

"ಈಜ್ತವೆ ಸರ್."

"ಬೆನ್ನು ಮೇಲೆ, ಹೊಟ್ಟೆ ಕೆಳಗೆ. ಅದಲು ಬದಲಾಗಬಾರದು."

"ಆಗಲ್ಲ ಸರ್."

ಮ್ಯಾನೇಜರು ತೊಟ್ಟಿಯ ಪಕ್ಕದ ಖಾಲಿ ಮೇಜನ್ನು ತೋರಿಸಿದರು. ಅಲ್ಲಿ ಕೂರುತ್ತಿದ್ದ ಹಿರಿಯ ಗುಮಾಸ್ತರು ಹೋದ ತಿಂಗಳು ನಿವೃತ್ತರಾಗಿದ್ದರು. ತೆರೆದ ಕಿಟಕಿಯಿಂದ ಬಂದ ಬಿಸಿಲು ಆ ಮೇಜಿನ ಮೇಲೆ ಕಾಲು ಚಾಚಿಕೊಂಡು ಬಿದ್ದಿತ್ತು. "ಇವತ್ತಿನ ದಿನ ಸುಸೂತ್ರವಾಗಿ ದಾಟಿದ್ರೆ ನಾಳೆಯಿಂದ ಈ ಮೇಜು ನಿಮ್ಮದು."

ಮೇಜಿನ ಆಸೆ ಜೋಪಾನನಿಗಿರಲಿಲ್ಲ, ಅವನ ಕಣ್ಣಿದ್ದದ್ದು ಬಿಸಿಲಿನ ಮೇಲೆ. ಆರು ತಿಂಗಳಿಂದ ಅವನ ಮಂಡಿಗಳು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, "ನಿಮಗೆ ಬೇರೇನೂ ಇಲ್ಲ, ಮೈಗೆ ಬಿಸಿಲೇ ಬಿದ್ದಿಲ್ಲ. ದಿನಾ ಒಂದು ಗಂಟೆ ಬಿಸಿಲಲ್ಲಿ ಕೂರಿ. ಇಲ್ಲದಿದ್ರೆ ಇನ್ನೆರಡು ವರ್ಷಕ್ಕೆ ಕೋಲು ಹಿಡೀತೀರಿ" ಅಂದಿದ್ದರು. ಆ ಮಾತು ಮ್ಯಾನೇಜರ ಕಿವಿಗೂ ಬಿದ್ದಿತ್ತು. ಬೆಳಿಗ್ಗೆ ಬಸ್ಸು, ಹಗಲು ನೆಲಮಾಳಿಗೆ, ಸಂಜೆ ಮತ್ತೆ ಬಸ್ಸು. ಬಿಸಿಲನ್ನು ಅವನು ಕ್ಯಾಲೆಂಡರಿನ ಚಿತ್ರದಲ್ಲಿ ಕಂಡದ್ದೇ ಹೆಚ್ಚು.

ಸಂತೋಷ ತಡೆಯಲಾರದೆ ಹೆಂಡತಿಗೆ ಫೋನು ಮಾಡಿದ.

"ಒಳ್ಳೇದಾಯ್ತು," ಅಂದಳು ಅವಳು. "ಆದ್ರೆ ಇವತ್ತೊಂದು ದಿನ ಯಾರಿಗೂ ಇದು ಸರಿ, ಅದು ತಪ್ಪು ಅಂತ ಪಾಠ ಹೇಳೋಕೆ ಹೋಗ್ಬೇಡಿ, ನಿಮ್ಮ ಕೈ ಮುಗೀತೀನಿ."

"ನಾನು ಯಾವತ್ತು ಹೇಳಿದ್ದೆ?"

"ಮದುವೆ ದಿನ ಹೇಳಿದ್ರಿ. ಲಗ್ನಪತ್ರಿಕೇಲಿ ತಾರೀಕು ತಪ್ಪಿದೆ ಅಂತ ಬಂದವರಿಗೆಲ್ಲ."

ಫೋನು ಇಟ್ಟು ತೊಟ್ಟಿಯ ಹತ್ತಿರ ಹೋದರೆ, ನಿನ್ನೆ ಸಂಜೆ ತಿಳಿಯಾಗಿದ್ದ ನೀರು ಹಾಲಿಗೆ ನೀರು ಬೆರೆಸಿದ ಹಾಗೆ ಮಂಜಾಗಿತ್ತು. ಸುತ್ತ ಆಗಲೇ ಜನ ಸೇರಿದ್ದರು. ಬೇರೆಯವರ ಕೆಲಸ ಕೆಡುತ್ತಿರುವುದನ್ನು ನೋಡುವಾಗ ಆ ಕಚೇರಿಯಲ್ಲಿ ಯಾರೂ ತಡವಾಗಿ ಬರುತ್ತಿರಲಿಲ್ಲ.

"ಗಾಬರಿ ಆಗ್ಬೇಡಿ," ಅಂದ ಜೋಪಾನ, ಎಲ್ಲರಿಗಿಂತ ಹೆಚ್ಚು ಗಾಬರಿಯಾಗಿ. "ಹೊಸ ತೊಟ್ಟೀಲಿ ಇದು ಮಾಮೂಲು. ಕಣ್ಣಿಗೆ ಕಾಣದ ಜೀವಿಗಳು ಹುಟ್ಕೊಳ್ತಿವೆ, ಅಷ್ಟೆ. ನಾಲ್ಕರಲ್ಲಿ ಒಂದು ಪಾಲು ನೀರು ತೆಗೆದು ಅಷ್ಟೇ ಹೊಸ ನೀರು ಹಾಕಿದ್ರೆ ಸಾಕು. ನೀರು ನಿನ್ನೇನೇ ಹಿಡಿದಿಟ್ಟಿದೀನಿ."

ಮೂಲೆಯಲ್ಲಿ ನೀರು ತುಂಬಿದ ಎರಡು ಬಕೆಟ್ಟು ಬಾಯಿ ತೆರೆದು ಕೂತಿದ್ದವು. ಅವನ್ನು ಕಂಡು ಇಂಜಿನಿಯರರ ಹುಬ್ಬು ಮೇಲೇರಿತು. ಊರಿನ ನೀರಿಗೆ ಕ್ಲೋರಿನ್ ಹಾಕಿಸುವುದು ಅವರ ಕೆಲಸ. ಅದರ ವಾಸನೆಯನ್ನು ಅವರು ಅತ್ತರಿನ ಹಾಗೆ ಪ್ರೀತಿಸುತ್ತಿದ್ದರು.

"ಹಿಡಿದಿಟ್ಟಿದೀರಾ? ಯಾಕೆ? ನಲ್ಲೀಲಿ ನೀರು ಬರ್ತಿಲ್ವಾ?"

"ಬರ್ತಿದೆ ಸರ್. ಆದ್ರೆ ಕ್ಲೋರಿನ್ ಆರಿಹೋಗಲಿ ಅಂತ ಒಂದು ದಿನ ತೆರೆದಿಟ್ಟೆ. ಮೀನಿಗೆ ಅದು ಆಗಲ್ಲ."

"ಇಡೀ ಊರು ಕುಡಿಯೋ ನೀರು ಆರು ಮೀನಿಗೆ ಆಗಲ್ವಾ?"

"ಊರಿನವರು ಅದರೊಳಗೆ ಉಸಿರಾಡಲ್ಲ ಸರ್."

ಯಾರೋ ಕಿಸಕ್ಕೆಂದರು. ಇಂಜಿನಿಯರರ ಮುಖ ಸುಟ್ಟ ಬದನೆಕಾಯಿಯಾಯಿತು. ಅವರ ಕಣ್ಣು ತೊಟ್ಟಿಯ ಪಕ್ಕದ ಪುಟ್ಟ ಬಾಟಲಿಯ ಮೇಲೆ ಬಿತ್ತು. ಎತ್ತಿ ಓದಿದರು. "ಕ್ಲೋರಿನ್ ನಿವಾರಕ! ನಾನು ಹಾಕೋದು, ನೀವು ನಿವಾರಿಸೋದು! ನೀರು ಸರಬರಾಜು ಕಚೇರೀಲಿ ಇದನ್ನ ದೊಡ್ಡ ಸಾಹೇಬರು ನೋಡಿದ್ರೆ ನನ್ನ ಗತಿ ಏನ್ರೀ?" ಎಂದು ಅದನ್ನು ತಮ್ಮ ಡ್ರಾಯರಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದರು.

ಹೋಗಲಿ, ಬಕೆಟ್ ನೀರಾದರೂ ಇದೆಯಲ್ಲ ಎಂದುಕೊಂಡ ಜೋಪಾನ. ಅಷ್ಟರಲ್ಲಿ ಕೆಳಗಿನಿಂದ ಕರೆ ಬಂತು. ಯಾರಿಗೋ ಇಪ್ಪತ್ತು ವರ್ಷ ಹಿಂದಿನ ನಲ್ಲಿ ಜೋಡಣೆಯ ಕಡತ ಬೇಕಿತ್ತು. ಇಳಿದು ಹೋಗಿ, ಹುಡುಕಿ, ದೂಳು ಕೊಡವಿ, "ಜೋಪಾನ" ಎಂದು ಕೊಟ್ಟು ಮತ್ತೆ ಮೇಲೆ ಹತ್ತುವಷ್ಟರಲ್ಲಿ ಮುಕ್ಕಾಲು ಗಂಟೆ.

ನೆಲ ಫಳಫಳ ಹೊಳೆಯುತ್ತಿತ್ತು. ಬಕೆಟ್ಟುಗಳು ಬೋರಲಾಗಿದ್ದವು.

"ಆಯಮ್ಮಾ! ಇಲ್ಲಿದ್ದ ನೀರು?"

ಕಸ ಗುಡಿಸುವ ಆಯಮ್ಮ ಸೊಂಟದ ಮೇಲೆ ಕೈ ಇಟ್ಟು ನಕ್ಕಳು. "ನಿಂತ ನೀರು ಕಣಣ್ಣ, ಸೊಳ್ಳೆ ಮೊಟ್ಟೆ ಇಡುತ್ತೆ. ಸಾಹೇಬ್ರು ಬರೋ ದಿನ ಹಾಗೆ ಬಿಡೋಕಾಗುತ್ತಾ? ಎರಡೂ ಬಕೆಟ್ಟಿಗೆ ಫಿನಾಯಿಲ್ ಹಾಕಿ ನೆಲ ಒರೆಸಿಬಿಟ್ಟೆ. ಎಷ್ಟು ಚೆನ್ನಾಗಿ ಒರೆಸೋಕೆ ಬಂತು ಅಂತೀಯಾ! ದಿನಾ ಹಿಡಿದಿಡಣ್ಣ."

ಜೋಪಾನ ತಲೆಯ ಮೇಲೆ ಕೈಹೊತ್ತು ಆ ಹೊಳೆಯುವ ನೆಲವನ್ನೇ ನೋಡುತ್ತ ನಿಂತ. ಆಗ ಅವನಿಗೆ ಏನೋ ಕೊರತೆ ಅನ್ನಿಸಿತು. ತೊಟ್ಟಿಯಿಂದ ಸದಾ ಬರುತ್ತಿದ್ದ ಗುಳುಗುಳು ಸದ್ದಿರಲಿಲ್ಲ. ಫಿಲ್ಟರಿನ ಮುಚ್ಚಳ ತೆರೆದಿತ್ತು, ಒಳಗಿದ್ದ ಸ್ಪಂಜು ಮಾಯವಾಗಿತ್ತು.

ಟಪಾಲು ವಿಭಾಗದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಲ್ಲಿಯ ಕಡೆಯಿಂದ ಬಂದರು. ಕೈಯಲ್ಲಿ ಸ್ಪಂಜು. ಅದು ಹುಟ್ಟಿದ ದಿನ ಕೂಡ ಅಷ್ಟು ಬೆಳ್ಳಗಿರಲಿಲ್ಲ.

"ಥೂ, ಎಂಥಾ ಕೊಳೆ ತಮ್ಮಾ! ಕಂದು ಬಣ್ಣಕ್ಕೆ ತಿರುಗಿಬಿಟ್ಟಿತ್ತು. ಅದಕ್ಕೇ ನೀರು ಮಂಜಾಗಿರೋದು. ಎರಡು ಸಲ ಸೋಪು ಹಾಕಿ, ಬಿಸಿನೀರಲ್ಲಿ ಅದ್ದಿ, ಹಿಂಡಿ ತಂದಿದೀನಿ. ಮೂಸಿ ನೋಡು, ನಿಂಬೆಹಣ್ಣಿನ ವಾಸನೆ!"

"ಅಕ್ಕಾ..." ಜೋಪಾನ ಸ್ಪಂಜನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ಕೊಳೇಲೇ ಜೀವ ಇರೋದಕ್ಕಾ. ಮೀನಿನ ಹೊಲಸನ್ನ ತಿಂದು ನೀರು ಕಾಯೋ ಜೀವಿಗಳು ಆ ಸ್ಪಂಜಲ್ಲೇ ಮನೆ ಮಾಡ್ಕೊಂಡಿರ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಒಂದ್ಸಲ ಮೆಲ್ಲಗೆ ಹಿಂಡಬೇಕು, ಅಷ್ಟೆ. ಅದೂ ಇನ್ನೆರಡು ವಾರ ಆದ್ಮೇಲೆ. ಕೊಳೆಯೇ ಅಕ್ಕಾ ಇಲ್ಲಿ ಕೆಲಸ ಮಾಡ್ತಿದ್ದದ್ದು!"

"ಮೆಲ್ಲಗೆ ಮಾತಾಡು," ಅಂದರು ಅಕ್ಕ ಅತ್ತಿತ್ತ ನೋಡಿ. "ಈ ಕಚೇರೀಲಿ ಅಂಥಾ ಮಾತು ಆಡಿದ್ರೆ ಎಲ್ಲರೂ ತಮಗೇ ಅಂದ ಅಂದ್ಕೊಳ್ತಾರೆ."

ಹದಿಮೂರು ದಿನದಲ್ಲಿ ಆ ಮಹಡಿಯಲ್ಲಿ ರಜೆ ಹಾಕದೆ, ಚಹಾಕ್ಕೆ ಹೋಗದೆ, ಹಗಲಿರುಳು ದುಡಿದವರು ಆ ಕಣ್ಣಿಗೆ ಕಾಣದ ಜೀವಿಗಳು ಮಾತ್ರ. ಅವರನ್ನು ಸೋಪು ಹಾಕಿ ತೊಳೆದು ಚರಂಡಿಗೆ ಬಿಟ್ಟಿದ್ದಾಯಿತು. ಉಳಿದವರೆಲ್ಲ ಕ್ಷೇಮವಾಗಿದ್ದರು.

ಜೋಪಾನ ನೋಟ್‌ಬುಕ್ಕಿನ ಮೂವತ್ತೊಂದನೇ ಪುಟ ತೆರೆದ. ಫಿಲ್ಟರ್ ಕೆಟ್ಟರೆ ಹಳೆಯ ತೊಟ್ಟಿಯೊಂದರ ಬಳಸಿದ ಸ್ಪಂಜನ್ನು ತಂದು ಹಾಕಬಹುದು ಎಂದಿತ್ತು. ಊಟದ ಡಬ್ಬಿಯನ್ನು ಮುಚ್ಚಿದಂತೆಯೇ ಬಿಟ್ಟು ಹೊರಟ. ಬಾಗಿಲಲ್ಲಿ ನಿಂತು, "ದಯವಿಟ್ಟು ಯಾರೂ ತೊಟ್ಟಿ ಮುಟ್ಟಬೇಡಿ, ನಾನು ಬರೋವರೆಗೂ" ಎಂದ. ಅವನು ಹಾಗೆ ಹೇಳದೆ ಹೋಗಿದ್ದರೆ ಬಹುಶಃ ಯಾರಿಗೂ ಅದರ ನೆನಪೇ ಆಗುತ್ತಿರಲಿಲ್ಲ.

ಮಂಡಿ ಕಿರುಗುಟ್ಟಿಸುತ್ತ ಅರ್ಧ ಗಂಟೆ ನಡೆದು ಮೀನಿನ ಅಂಗಡಿ ತಲುಪಿದ. ಅಂಗಡಿಯವನು ಕಾಲು ಚಾಚಿ ಕೂತಿದ್ದ.

"ಏನು ಬೇಕು ಸಾರ್? ಬಣ್ಣದ ಕಲ್ಲು? ಸಣ್ಣ ಕೋಟೆ? ಬುಗ್ಗೆ ಬಿಡೋ ಗೊಂಬೆ?"

"ಕೊಳಕು ಸ್ಪಂಜು ಬೇಕಪ್ಪಾ."

ಅಂಗಡಿಯವನು ಕಾಲು ಮಡಚಿ ನೆಟ್ಟಗೆ ಕೂತ. "ಎಷ್ಟು ಕೊಳಕು?"

"ಇರೋದ್ರಲ್ಲೇ ಅತಿ ಕೊಳಕು."

"ಇಷ್ಟು ವರ್ಷದಲ್ಲಿ ಗಲೀಜು ಕೇಳ್ಕೊಂಡು ಬಂದವರು ನೀವೇ ಮೊದಲು ಸಾರ್!" ಎಂದವನೇ ಒಳಗೆ ಹೋಗಿ, ಜವಳಿ ಅಂಗಡಿಯವನು ಪೀತಾಂಬರ ಬಿಚ್ಚುವ ಠೀವಿಯಲ್ಲಿ ಎರಡು ಸ್ಪಂಜು ತಂದು ಬಟ್ಟಲಲ್ಲಿ ಇಟ್ಟ. ಒಂದು ಎಂಟು ತಿಂಗಳದ್ದು, ಇನ್ನೊಂದು ಎರಡು ವರ್ಷದ್ದು. ಜೋಪಾನ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಮೂಸಿ, ಎರಡು ವರ್ಷದ್ದನ್ನು ಆರಿಸಿದ. ಅದರಿಂದ ಕೆಸರಿನಂಥದ್ದೇನೋ ತೊಟ್ಟಿಕ್ಕುತ್ತಿತ್ತು. ಅವನ ಕಣ್ಣಿಗೆ ಅದು ಜೇನಾಗಿ ಕಂಡಿತು.

"ಒಣಗಿಸ್ಬೇಡಿ, ಈ ನೀರಲ್ಲೇ ಇರಲಿ," ಎಂದು ಅಂಗಡಿಯವನು ಅದನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿದ.

"ಕ್ಲೋರಿನ್ ನಿವಾರಕ ಒಂದು ಬಾಟಲಿ?"

"ಮುಗಿದಿದೆ ಸಾರ್, ಇನ್ನು ಮುಂದಿನ ವಾರವೇ. ಇವತ್ತು ನೀರು ಬದಲಿಸದಿದ್ರೆ ಏನೂ ಮುಳುಗಿಹೋಗಲ್ಲ. ಸುಮ್ನೆ ಬಿಡಿ. ಸುಮ್ನೆ ಬಿಡದೆ ಕೈ ಹಾಕೋದ್ರಿಂದಲೇ ಅರ್ಧ ಮೀನು ಸಾಯೋದು."

ಸುಮ್ಮನೆ ಬಿಡುವ ವಿದ್ಯೆ ತನ್ನ ಕಚೇರಿಗೆ ಕಡತದ ವಿಷಯದಲ್ಲಿ ಮಾತ್ರ ಗೊತ್ತು ಎಂದು ಜೋಪಾನ ಅವನಿಗೆ ಹೇಳಲಿಲ್ಲ.

ಚೀಲವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಮರಳಿದಾಗ ಮೂರೂಕಾಲು. ಮಹಡಿಯಲ್ಲಿ ಹಬ್ಬದ ಕಳೆ. ತೊಟ್ಟಿಯ ನೀರು ಕನ್ನಡಿಯ ಹಾಗೆ ಥಳಥಳಿಸುತ್ತಿತ್ತು. ಇಂಜಿನಿಯರರು ಕೈಯಲ್ಲಿ ರಬ್ಬರ್ ಕೊಳವೆ ಹಿಡಿದು, ಯುದ್ಧ ಗೆದ್ದವರಂತೆ ನಿಂತಿದ್ದರು.

"ನೋಡ್ರೀ ಜೋಪಾನ! ನಿಮ್ಮ ನೋಟ್‌ಬುಕ್ಕಲ್ಲಿ ಇದು ಬರೆದಿದೆಯಾ? ಅರ್ಧ ನೀರು ತೆಗೆದು ನೇರ ನಲ್ಲಿಯಿಂದ ಬಿಟ್ಟೆ. ಮಂಜು ಮಾಯ!"

ಮಂಜು ನಿಜಕ್ಕೂ ತೆಳ್ಳಗಾಗಿತ್ತು. ಅದರಿಂದಾಗಿ ಆರು ಮೀನುಗಳ ಸಂಕಟ ಸ್ಪಷ್ಟವಾಗಿ ಕಾಣುತ್ತಿತ್ತು. ಆರೂ ಮೇಲಕ್ಕೆ ಬಂದು, ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ ಜನರ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದವು.

"ಹಾಡ್ತಿವೆ ನೋಡು," ಅಂದಳು ಆಯಮ್ಮ.

"ಸಾಯ್ತಿವೆ ಆಯಮ್ಮಾ!" ಜೋಪಾನ ಇಂಜಿನಿಯರರ ಕಡೆ ತಿರುಗಿದ. "ಸರ್, ಡ್ರಾಯರ್ ತೆಗೀರಿ."

"ಯಾವ ಡ್ರಾಯರು?"

"ಸರ್, ಇನ್ನು ಮುಕ್ಕಾಲು ಗಂಟೆಗೆ ದೊಡ್ಡ ಸಾಹೇಬರು ಬರ್ತಾರೆ. ಅಷ್ಟೊತ್ತಿಗೆ ಇವು ತೇಲ್ತಿರ್ತವೆ. ಯಾವ ನೀರು ಹಾಕಿದ್ರಿ ಅಂತ ಕೇಳ್ತಾರೆ. ನಾನು ಸುಳ್ಳು ಹೇಳೋನಲ್ಲ, ನಿಮಗೇ ಗೊತ್ತು."

ಇಂಜಿನಿಯರರು ಒಂದು ಮೀನನ್ನು ನೋಡಿದರು. ಮೀನು ಅವರನ್ನು ನೋಡಿತು. ಇಬ್ಬರ ಬಾಯಿಯೂ ಒಂದೇ ರೀತಿ ತೆರೆದುಕೊಂಡಿತು.

"ಎಲ್ಲರೂ ಹೋಗಿ ಕೆಲಸ ಮಾಡ್ರೀ!" ಎಂದು ಅವರು ಗುಡುಗಿದರು. ಆ ಕಟ್ಟಡದಲ್ಲಿ ಅಂಥ ಮಾತು ಕೇಳಿ ಅಭ್ಯಾಸವಿಲ್ಲದ ಜನ ದಿಗಿಲುಬಿದ್ದು ಚದುರಿದರು. ಇಂಜಿನಿಯರರು ಕೀಲಿ ತಿರುಗಿಸಿ, ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಕಳ್ಳಮಾಲಿನಂತೆ ತಂದರು. ತೊಟ್ಟಿಗೆ ಒಂದೊಂದೇ ಹನಿ ಎಣಿಸಿ ಹಾಕಿದರು.

"ಇನ್ನೂ ನಾಲ್ಕು ಹನಿ ಹಾಕ್ಲಾ?"

"ಸಾಕು ಸರ್, ಲೆಕ್ಕ ಸರಿಯಾಗಿದೆ."

"ಇದು ನಮ್ಮಿಬ್ಬರಲ್ಲೇ ಇರಲಿ ಕಣ್ರೀ. ನನಗೂ ಮಕ್ಕಳಿದಾರೆ."

ಜೋಪಾನ ಕೊಳಕು ಸ್ಪಂಜನ್ನು ಫಿಲ್ಟರಿನೊಳಗೆ ಕೂರಿಸಿ ಗುಂಡಿ ಒತ್ತಿದ. ಗುಳುಗುಳು ಸದ್ದು ಶುರುವಾಯಿತು. ಒಂದು ಮೀನು ಬಾಯಿ ಮುಚ್ಚಿ ಕೆಳಗಿಳಿಯಿತು. ಆಮೇಲೆ ಇನ್ನೊಂದು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಆರೂ ಏನೂ ಆಗಿಲ್ಲವೆಂಬಂತೆ, ಬೆನ್ನು ಮೇಲೆ ಹೊಟ್ಟೆ ಕೆಳಗೆ, ತಿರುಗಾಡುತ್ತಿದ್ದವು. ಜೋಪಾನ ಖಾಲಿ ಮೇಜಿಗೆ ಒರಗಿ ನಿಂತ. ಕಿಟಕಿಯ ಬಿಸಿಲು ಅವನ ಎರಡೂ ಮಂಡಿಗಳ ಮೇಲೆ ಬೆಚ್ಚಗೆ ಕೈ ಇಟ್ಟಿತು. ಇಷ್ಟು ಸುಖ ಇಷ್ಟು ವರ್ಷ ಎಲ್ಲಿ ಅಡಗಿತ್ತೋ!

ದೊಡ್ಡ ಸಾಹೇಬರು ಬಂದರು. ಬಂದವರೇ ಯಾರನ್ನೂ ಮಾತಾಡಿಸದೆ ಗಾಜಿಗೆ ಮೂಗು ಒತ್ತಿ ಕೂತರು. ಆರೂ ಮೀನುಗಳನ್ನು ಬೆರಳು ಮಡಚಿ ಎಣಿಸಿದರು. ಆಮೇಲೆ, "ಭೇಷ್!" ಎಂದರು.

ಆ ಒಂದು ಮಾತಿಗೆ ಅಣೆಕಟ್ಟು ಒಡೆಯಿತು.

"ನೇರ ನಲ್ಲಿ ನೀರು ಸರ್, ಏನೂ ಬೆರೆಸಿಲ್ಲ," ಅಂದರು ಇಂಜಿನಿಯರರು.

"ಫಿಲ್ಟರಿನ ಶುಚಿತ್ವ ನನ್ನದು ಸರ್," ಅಂದರು ಅಕ್ಕ.

"ನೆಲ ನಂದು," ಅಂದಳು ಆಯಮ್ಮ.

ಜೋಪಾನ ತುಟಿ ಬಿಗಿದು ನಿಂತಿದ್ದ. ಒಳಗಿನಿಂದ ಮೂರು ತಿದ್ದುಪಡಿಗಳು ಗಂಟಲವರೆಗೆ ಬಂದವು. ಮೂರನ್ನೂ ನುಂಗಿದ. ಜೀವನದಲ್ಲಿ ಅವನು ಮಾಡಿದ ಅತಿ ದೊಡ್ಡ ಸಾಹಸ ಅದು.

"ಉಸ್ತುವಾರಿ ಇವರದ್ದು ಸರ್," ಎಂದು ಮ್ಯಾನೇಜರು ಅವನನ್ನು ಮುಂದಕ್ಕೆ ತಳ್ಳಿದರು. "ನಾಳೆಯಿಂದ ಈ ಮೇಜಿಗೇ ಹಾಕ್ತಿದೀನಿ."

"ಹಾಕಿ, ಹಾಕಿ," ಎಂದು ಸಾಹೇಬರು ಎದ್ದರು. ಎದ್ದವರು ಹೊರಟೇ ಬಿಟ್ಟಿದ್ದರೆ ಲೋಕಕ್ಕೇನೂ ನಷ್ಟವಿರಲಿಲ್ಲ. ಆದರೆ ಕಿಟಕಿಯ ಕಡೆಯ ಗಾಜಿನ ಮೂಲೆ ಅವರ ಕಣ್ಣಿಗೆ ಬಿತ್ತು. "ಇದೇನಿದು, ಹಸಿರು?"

"ಅಲಂಕಾರ ಸರ್," ಅಂದರು ಅಕ್ಕ.

"ಗಾಜಿನ ಬಣ್ಣವೇ ಹಾಗೆ ಸರ್," ಅಂದರು ಇಂಜಿನಿಯರರು.

ಸಾಹೇಬರು ತಲೆಯಾಡಿಸಿದರು. ವಿಷಯ ಅಲ್ಲಿಗೆ ಮುಗಿಯುವುದರಲ್ಲಿತ್ತು. ಆದರೆ ಕಣ್ಣೆದುರಿಗೇ ಎರಡು ತಪ್ಪು ಉತ್ತರ, ಅದೂ ನೋಟ್‌ಬುಕ್ಕಿನ ಹದಿನೇಳನೇ ಪುಟದಲ್ಲಿ ಸರಿಯುತ್ತರ ಇರುವಾಗ! ನಾಲ್ಕನೆಯದನ್ನು ನುಂಗುವಷ್ಟು ಜಾಗ ಜೋಪಾನನ ಗಂಟಲಲ್ಲಿ ಉಳಿದಿರಲಿಲ್ಲ.

"ಪಾಚಿ ಸರ್ ಅದು. ತೊಟ್ಟಿ ಮೇಲೆ ಬಿಸಿಲು ಬಿದ್ರೆ ಬರುತ್ತೆ. ನಿಯಮದ ಪ್ರಕಾರ ನೇರ ಬಿಸಿಲು ಬೀಳೋ ಜಾಗದಲ್ಲಿ ತೊಟ್ಟಿ ಇಡಲೇಬಾರದು."

ಹೇಳಿದ ಮೇಲೆ ಅವನಿಗೆ ಕೇಳಿಸಿತು, ತಾನು ಏನು ಹೇಳಿದೆ ಎಂದು.

"ಹೌದಾ!" ಸಾಹೇಬರ ಕಣ್ಣು ಅರಳಿತು. "ಹಾಗಾದ್ರೆ ಈ ಕಟ್ಟಡದಲ್ಲಿ ಬಿಸಿಲೇ ಬೀಳದ ಜಾಗ ಯಾವುದು?"

ಫ್ಯಾನು ಹಾಕಬೇಕೋ ಬೇಡವೋ ಎಂಬುದರಲ್ಲಿ ಕೂಡ ಇಂದಿನವರೆಗೆ ಒಮ್ಮತಕ್ಕೆ ಬಾರದ ಆ ಕಚೇರಿ ಒಕ್ಕೊರಲಿನಿಂದ ಹೇಳಿತು: "ದಾಖಲೆ ಕೋಣೆ ಸರ್!"

"ಜನ ಅಲ್ಲೂ ಕಾಯ್ತಾರಾ?"

"ಅಲ್ಲೇ ಸರ್ ಹೆಚ್ಚು ಕಾಯೋದು," ಅಂದರು ಮ್ಯಾನೇಜರು.

"ಸುತ್ತೋಲೆ ಹೇಳೋದೂ ಅದನ್ನೇ ಅಲ್ವೇನ್ರೀ! ಈಗಲೇ ಕೆಳಗೆ ಸಾಗಿಸಿ."

"ಸರ್," ಜೋಪಾನನ ದನಿ ಬಾವಿಯೊಳಗಿಂದ ಬಂದಂತಿತ್ತು, "ಇಲ್ಲೇ ಒಂದು ಪರದೆ ಕಟ್ಟಿದ್ರೂ ಆಗುತ್ತೆ."

"ಪರದೆಗೆ ಅರ್ಜಿ ಬರೆದು, ಮಂಜೂರಾಗಿ, ಬಟ್ಟೆ ಬರೋ ಹೊತ್ತಿಗೆ ಈ ಮೀನುಗಳ ಮೊಮ್ಮಕ್ಕಳಿರ್ತವೆ." ಸಾಹೇಬರು ಅವನ ಬೆನ್ನು ತಟ್ಟಿದರು. "ನಿಮ್ಮಂಥ ಜ್ಞಾನಿಯನ್ನ ಮೀನಿನಿಂದ ಅಗಲಿಸೋ ಪಾಪ ನನಗೆ ಬೇಡ. ನೀವೂ ಅಲ್ಲೇ ಇರಿ."

ಆ ಹೊತ್ತಿಗಾಗಲೇ ಟಪಾಲು ಅಕ್ಕ ತಮ್ಮ ಕೈಚೀಲ, ನೀರಿನ ಬಾಟಲಿ, ಕುರ್ಚಿಯ ದಿಂಬು ಮೂರನ್ನೂ ಕಿಟಕಿ ಮೇಜಿನ ಮೇಲೆ ಇಟ್ಟಾಗಿತ್ತು. "ಖಾಲಿ ಬಿಟ್ರೆ ದೂಳು ಕೂರುತ್ತೆ ತಮ್ಮಾ," ಅಂದರು.

ತೊಟ್ಟಿಯ ಮುಕ್ಕಾಲು ನೀರನ್ನು ಬಕೆಟ್ಟುಗಳಿಗೆ ತುಂಬಿಕೊಂಡು, ನಾಲ್ವರು ಹೊತ್ತು, ಎಂಟು ಜನ ಸಲಹೆ ಕೊಟ್ಟು, ಮೂವತ್ತೆರಡು ಮೆಟ್ಟಿಲು ಇಳಿಸಿದರು. ಹಿಂದೆ ಜೋಪಾನ, ಕೊಳಕು ಸ್ಪಂಜಿದ್ದ ಬಕೆಟ್ಟನ್ನು ತೂಗಿಸಿಕೊಂಡು, ಮೆಟ್ಟಿಲಿಗೊಂದು ಸಲ ಮಂಡಿ ಹಿಡಿದುಕೊಂಡು ಇಳಿದ. ಕೆಳಗೆ ನಲ್ಲಿಯಿರಲಿಲ್ಲ. ಇನ್ನು ಮುಂದೆ ವಾರಕ್ಕೊಮ್ಮೆ ನೀರನ್ನು ಮೇಲಿನಿಂದಲೇ ಹೊರಬೇಕಿತ್ತು.

ಐದು ಗಂಟೆಗೆ ಮ್ಯಾನೇಜರೇ ಇಳಿದು ಬಂದರು. ಪಾಪ, ಅವರಿಗೂ ಸ್ವಲ್ಪ ಮುಜುಗರವಾಗಿತ್ತು.

"ಬೇಜಾರು ಮಾಡ್ಕೋಬೇಡಿ ಜೋಪಾನ. ಡಾಕ್ಟರು ಒಂದು ಗಂಟೆ ತಾನೇ ಹೇಳಿರೋದು? ಮಧ್ಯಾಹ್ನ ಊಟದ ಬಿಡುವಿದೆಯಲ್ಲ, ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಬಿಸಿಲು ಕಾಯಿಸ್ಕೊಳ್ಳಿ. ಯಾರೂ ಕೇಳಲ್ಲ, ನಾನಿದೀನಿ." ಆಮೇಲೆ ಒಂದು ಹಾಳೆ ಮುಂದಿಟ್ಟರು. "ಆದೇಶದ ಕರಡು. ಸಾಹೇಬರು ಹೊರಡೋದ್ರೊಳಗೆ ಸಹಿ ಮಾಡಿಸ್ಬೇಕು. ತಪ್ಪೇನಾದ್ರೂ ಇದ್ರೆ ತಿದ್ದಿಬಿಡಿ, ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ."

ಜೋಪಾನ ಕನ್ನಡಕ ಹಾಕಿಕೊಂಡು ಮಿಣುಕುತ್ತಿದ್ದ ಟ್ಯೂಬ್‌ಲೈಟಿನ ಕೆಳಗೆ ಓದಿದ. "ಹೊಸ ತೊಟ್ಟಿಯ ಫಿಲ್ಟರು ಕ್ಷಣಕಾಲವೂ ನಿಲ್ಲದಂತೆ, ಅನ್ಯರು ಅದನ್ನು ಮುಟ್ಟದಂತೆ, ಉಸ್ತುವಾರಿ ನೌಕರನು ಕಚೇರಿಯ ಅವಧಿಯಲ್ಲಿ ಸದಾ ಅದರ ಬಳಿಯಲ್ಲೇ ಇರತಕ್ಕದ್ದು." ಒಳ್ಳೆಯ ಆದೇಶ. ಆದರೆ ಒಂದು ಕಡೆ ಅಸ್ಪಷ್ಟತೆ ಇತ್ತು. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ? ಸ್ಪಂಜು ಹೋದದ್ದೂ ನೀರು ಹೋದದ್ದೂ ತಾನು ಪಕ್ಕದಲ್ಲಿಲ್ಲದ ಹೊತ್ತಿನಲ್ಲೇ ಅಲ್ಲವೇ? ಅವನು ಒಂದೆರಡು ಸಲ ಪೆನ್ನು ಎತ್ತಿ ಕೆಳಗಿಟ್ಟ. ಬಾಗಿಲ ಕಡೆ ನೋಡಿದ. ಕೊನೆಗೆ ಮನಸ್ಸು ತಡೆಯದೆ, "ಅವಧಿಯಲ್ಲಿ" ಎಂಬುದರ ಮುಂದೆ ಒಂದು ಗುರುತು ಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದ: "ಮಧ್ಯಾಹ್ನದ ಊಟದ ಬಿಡುವೂ ಸೇರಿದಂತೆ."